ಮೊದಲ ಮೊರ

ಗಿರಿಯಪ್ಪ ಸರ್ಕಾರಿ ಉಗ್ರಾಣದ ಅಧಿಕಾರಿಯಾಗಿ ಮೂರು ದಿನವಾಗಿತ್ತು. ಉಗ್ರಾಣದವರು ಅವನ ಮನೆಗೆ ತಲುಪಿಸಿದ್ದ ಮಾವಿನಹಣ್ಣಿನ ಬುಟ್ಟಿಯನ್ನು ಗುರುಗಳ ಮುಂದಿಟ್ಟು, ನಮಸ್ಕರಿಸಿ ಕೇಳಿದ: “ಕೈಕೆಳಗಿನವರು ಲಂಚ ಮುಟ್ಟದಂತೆ ಮಾಡುವುದು ಹೇಗೆ, ಗುರುಗಳೇ?”

ಗುರುಗಳು ಕತೆ ಹೇಳಿದರು.

ಹಿಂದೆ ಒಬ್ಬ ಉಗ್ರಾಣದ ಅಧಿಕಾರಿಯಿದ್ದ. ರೈತರು ಕಂದಾಯಕ್ಕೆಂದು ತರುವ ರಾಗಿಯನ್ನು ಅವನ ಆಳುಗಳು ಅಳೆಯುತ್ತಿದ್ದರು. ಕೊಳಗ ತುಂಬಿದರೂ ಕೈ ನಿಲ್ಲಿಸುತ್ತಿರಲಿಲ್ಲ. ಹೊರಗೆ ಚೆಲ್ಲಿದ್ದು ರೈತನಿಗೆ ಮರಳುತ್ತಿರಲಿಲ್ಲ. ಹತ್ತು ಕೊಳಗ ಕೊಡಬೇಕಾದವನು ಹನ್ನೆರಡು ಕೊಟ್ಟು, ಮಳೆಗಾಲದ ಮುದ್ದೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದ.

ಅಧಿಕಾರಿ ಒಳ್ಳೆಯವನೇ. ಆಳುಗಳಿಂದ ದೇವರ ಮುಂದೆ ಆಣೆ ಮಾಡಿಸಿದ. ಆಣೆಯಿಟ್ಟ ಕೈಯೇ ಮರುದಿನ ಕಾಳು ಚೆಲ್ಲಿತು. ಇಬ್ಬರನ್ನು ಕೆಲಸದಿಂದ ತೆಗೆದ. ಹೊಸಬರು ಹಳಬರಿಗಿಂತ ಬೇಗ ಕಲಿತರು. ಕಾವಲುಗಾರನನ್ನು ನಿಲ್ಲಿಸಿದ, ಅವನಿಗೂ ಒಂದು ಪಾಲು ಹುಟ್ಟಿತು. ಇವನು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಿದ್ದರು.

ಒಂದು ದಿನ ಮುದುಕಿಯೊಬ್ಬಳು ನೆಲಕ್ಕೆ ಬಿದ್ದ ತನ್ನ ಕಾಳನ್ನು ಬಾಚಿಕೊಳ್ಳಲು ಹೋದಳು. ಆಳು ಅವಳ ಕೈ ತಳ್ಳಿದ. ಅಧಿಕಾರಿ ಅವನನ್ನು ಗದರಿದ.

“ಅವನನ್ನ ಯಾಕೆ ಬಯ್ತೀರಿ, ಸ್ವಾಮಿ?” ಎಂದಳು ಮುದುಕಿ. “ಸಂಜೆ ಗುಡಿಸಿದ ಮೇಲೆ ಮೊದಲ್ನೇ ಮೊರ ಹೋಗೋದು ನಿಮ್ಮನೆ ಕೋಳಿಗೇ ಅಲ್ವಾ?”

ಮಾತು ನಿಜ. ಮೊದಲ ಮೊರ ಅಧಿಕಾರಿಯ ಮನೆಗೆ ಎಂಬುದು ಅಜ್ಜನ ಕಾಲದ ಪದ್ಧತಿ. ಅದನ್ನು ಯಾರೂ ಲಂಚ ಎಂದಿರಲಿಲ್ಲ, ಅವನೂ ಎಂದುಕೊಂಡಿರಲಿಲ್ಲ. ಆದರೆ ಮೊರ ತುಂಬಬೇಕಾದರೆ ಕಾಳು ಚೆಲ್ಲಲೇಬೇಕು. ಅವನಿಗೆ ನಾಚಿಕೆಯಾಯಿತು.

ಅಂದು ಸಂಜೆ ಮನೆ ಬಾಗಿಲಿಗೆ ಬಂದ ಮೊರವನ್ನು ಹಾಗೇ ತಿರುಗಿಸಿ ಕಳಿಸಿದ. ಮರುದಿನ ಅಳತೆಯನ್ನು ಒಳಗಿನ ಕತ್ತಲೆ ಕೋಣೆಯಿಂದ ಅಂಗಳಕ್ಕೆ ತಂದ. ಕೊಳಗದ ಕೆಳಗೆ ಚಾಪೆ ಹಾಸಿಸಿ, ಚೆಲ್ಲಿದ್ದು ಚೀಲದವನಿಗೇ ಸೇರಬೇಕೆಂದ. ತನ್ನ ಹೊಲದ ರಾಗಿಯನ್ನು ಎಲ್ಲರೆದುರು ಮೊದಲು ಅಳೆಸಿದ. ಆಳುಗಳು ಗೊಣಗಿದರು. ಆದರೆ ಎದುರಾಡಲು ಈಗ ಅವರಿಗೆ ಬಾಯಿರಲಿಲ್ಲ. ಆ ಸುಗ್ಗಿಯಲ್ಲಿ ಹತ್ತು ಕೊಡಬೇಕಾದವನು ಹತ್ತೇ ಕೊಟ್ಟು ಮನೆಗೆ ಹೋದ. ಕೋಳಿಗಳು ಹಿತ್ತಿಲು ಕೆದಕಿ ಹುಳ ತಿಂದವು.

ಗಿರಿಯಪ್ಪನಿಗೆ ಹುರುಪು ಬಂತು. ನಾಳೆಯೇ ಅಳತೆಯನ್ನು ಅಂಗಳಕ್ಕೆ ತರುವೆನೆಂದು ಎದ್ದು ನಿಂತ.

ಗುರುಗಳು ಬುಟ್ಟಿಯಿಂದ ಒಂದು ಹಣ್ಣು ಎತ್ತಿ ನೋಡಿ ಕೇಳಿದರು:

“ಹಣ್ಣು ಚೆನ್ನಾಗಿದೆ, ಗಿರಿಯಪ್ಪ, ಯಾರು ಕೊಟ್ಟರು?”