ತಡವರಿಸಿದ ಪದ

ಹೊಸದಾಗಿ ಶಾಲಾ ಮಾಸ್ತರನಾದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ವರ್ಷವಿಡೀ ಕಲಿಸಿದರೂ ಒಂದು ಮಗು ಕಲಿಯದೇ ಹೋದರೆ ತಪ್ಪು ಯಾರದು? ಮಗುವಿನದೋ, ಕಲಿಸಿದವನದೋ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಚರ್ಚಿಗೆ ಸೇರಿದ ಪ್ರಾಥಮಿಕ ಶಾಲೆಯಿತ್ತು. ಅಲ್ಲಿ ಎಬೆನೇಜರ್ ಎಂಬ ಮೇಷ್ಟ್ರಿದ್ದರು. ಎರಡರಿಂದ ನಾಲ್ಕನೇ ತರಗತಿಯವರೆಗೆ ಕನ್ನಡ ಅವರದೇ. ಅವರು ಬೆತ್ತ ಹಿಡಿದವರಲ್ಲ. ಮಕ್ಕಳ ಕಣ್ಣಲ್ಲಿ ನೀರು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಓದುವಾಗ ಮಗು ಎಲ್ಲಾದರೂ ತಡವರಿಸಿದರೆ ಆ ಪದವನ್ನು ತಾವೇ ಹೇಳಿಬಿಡುತ್ತಿದ್ದರು. ಮಗು ಅದನ್ನು ಹಾಗೆಯೇ ಹೇಳಿ ನಕ್ಕು ಕೂರುತ್ತಿತ್ತು. ವರ್ಷಕ್ಕೊಮ್ಮೆ ಶಾಲೆಯ ತಪಾಸಣೆಗೆ ಬರುವ ಸಾಹೇಬರು ಮಕ್ಕಳು ಒಟ್ಟಾಗಿ ಪಾಠ ಒಪ್ಪಿಸುವುದನ್ನು ಕೇಳಿ, ಬೋಧನೆ ಉತ್ತಮ, ಪ್ರಗತಿ ತೃಪ್ತಿಕರ ಎಂದು ಬರೆದು ಹೋಗುತ್ತಿದ್ದರು.

ಆ ಶಾಲೆಯ ಮಕ್ಕಳಿಗಾಗಿ ಚರ್ಚಿನಲ್ಲಿ ಒಂದು ಭಾನುವಾರ ಮೀಸಲಿತ್ತು. ಅಂದು ನಾಲ್ಕನೇ ತರಗತಿಯ ಒಂದು ಮಗು ಬೈಬಲ್ಲಿನಿಂದ ವೇದಪಾಠ ಓದಬೇಕು. ಮೇಷ್ಟ್ರು ಸುವಾರ್ತಾ ಎಂಬ ಹುಡುಗಿಯನ್ನು ಆರಿಸಿದರು. ಅವಳ ದನಿ ಚೆನ್ನಾಗಿತ್ತು. ಎರಡು ವಾರ ಅಭ್ಯಾಸವೂ ನಡೆಯಿತು. ಆದರೆ ಆ ಶನಿವಾರ ಚರ್ಚಿನ ಸಭೆಯ ಹಿರಿಯರೊಬ್ಬರು ತೀರಿಕೊಂಡರು. ಅವರ ನೆನಪಿಗೆಂದು ಚರ್ಚಿನ ಪಾದ್ರಿಗಳಾದ ಸಭಾಪಾಲಕರು ಭಾನುವಾರ ಬೆಳಿಗ್ಗೆ ಓದುವ ಭಾಗವನ್ನು ಬದಲಿಸಿ, ಆ ಪುಟವನ್ನು ತೆರೆದಿಟ್ಟರು.

ಸುವಾರ್ತಾ ಹೋಗಿ ನಿಂತಳು. ಪುಸ್ತಕದ ಮೇಲೆ ಬೆರಳಿಟ್ಟು, ಅಭ್ಯಾಸ ಮಾಡಿದ್ದ ಹಳೆಯ ಭಾಗವನ್ನೇ ಒಂದಕ್ಷರ ತಪ್ಪದೆ ಹೇಳಿದಳು.

ಕೆಲವರು ತಲೆ ತಗ್ಗಿಸಿ ನಕ್ಕರು. ಹುಡುಗಿ ಗಾಬರಿಯಾಗಿದ್ದಾಳೆ ಎಂದುಕೊಂಡು ಸಭಾಪಾಲಕರು ಅವಳ ಬೆನ್ನು ತಟ್ಟಿದರು. ಮೇಷ್ಟ್ರು ಮಾತ್ರ ಆ ಬೆರಳನ್ನೇ ನೋಡುತ್ತಿದ್ದರು. ಅದು ಸಾಲಿನ ಮೇಲೆ ಸರಿಯಾಗಿಯೇ ಸರಿಯುತ್ತಿತ್ತು, ಆದರೆ ಓದುತ್ತಿರಲಿಲ್ಲ. ಹೊರಗೆ ಬಂದಾಗ ಹುಡುಗಿಯ ತಾಯಿ ಅವರಿಗೆ ಕೈಮುಗಿದಳು. ಆಸ್ಪತ್ರೆಯಲ್ಲಿ ಕಸ ಗುಡಿಸುವ ಹೆಂಗಸು ಅವಳು. "ನಮ್ಮ ಮನೆಯಲ್ಲಿ ಓದು ಬಂದವಳು ಇವಳೇ ಮೊದಲು, ಸಾರ್" ಎಂದಳು.

ಮರುದಿನ ಅವರು ಸುವಾರ್ತಾಳ ಮುಂದೆ ಅವಳು ಎಂದೂ ನೋಡದ ಒಂದು ಪುಟವನ್ನಿಟ್ಟರು. ಹುಡುಗಿ ಪುಟವನ್ನು ನೋಡಲಿಲ್ಲ, ಅವರ ತುಟಿಯನ್ನು ನೋಡಿದಳು.

"ನೀವು ಹೇಳಿ ಸಾರ್, ಆಮೇಲೆ ನಾನು ಹೇಳ್ತೀನಿ" ಎಂದಳು.

ಆ ವಾರ ಅವರು ನಾಲ್ಕನೇ ತರಗತಿಯ ಮೂವತ್ತೊಂದು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿದರು. ಹನ್ನೊಂದು ಮಕ್ಕಳಿಗೆ ಓದು ಬರುತ್ತಿರಲಿಲ್ಲ. ಅವರು ಸಭಾಪಾಲಕರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಸಭಾಪಾಲಕರು ಒಳ್ಳೆಯವರೇ. ಆದರೂ, ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ಇದನ್ನು ಯಾಕೆ ಎತ್ತುತ್ತೀರಿ, ಶಾಲೆಗೂ ನಿಮಗೂ ಕೆಟ್ಟ ಹೆಸರು ಎಂದರು. ಮೇಷ್ಟ್ರು ಅಲ್ಲಿಂದ ನೇರವಾಗಿ ಸುವಾರ್ತಾಳ ಮನೆಗೆ ಹೋದರು. ಮಗಳಿಗೆ ಓದು ಬರುವುದಿಲ್ಲ ಎಂದು ತಾಯಿಗೆ ಹೇಳಿದರು.

ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. "ಮೂರು ವರ್ಷದಿಂದ ನಿಮ್ಮ ಹತ್ರ ಕಳಿಸ್ತಾ ಇದ್ದೀನಲ್ಲ, ನೀವು ಏನು ಮಾಡಿದ್ರಿ?" ಎಂದಳು.

"ಅವಳ ಬದಲು ನಾನೇ ಓದಿದೆ ತಾಯಿ" ಎಂದರು ಮೇಷ್ಟ್ರು.

ಒಂದನೇ ತರಗತಿಗೆ ಆ ವರ್ಷವಷ್ಟೇ ಲೀದಿಯಾ ಎಂಬ ಟೀಚರ್ ಬಂದಿದ್ದರು. ವಯಸ್ಸಿನಲ್ಲಿ ಮೇಷ್ಟ್ರ ಮಗಳಿಗಿಂತ ಚಿಕ್ಕವರು. ಅವರ ಮಕ್ಕಳು ಆಗಲೇ ತಾವಾಗಿ ಓದತೊಡಗಿದ್ದರು. ಮೇಷ್ಟ್ರು ದಿನಕ್ಕೊಂದು ಗಂಟೆ ಅವರ ತರಗತಿಗೆ ಹೋಗಿ, ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಮಕ್ಕಳು ನಕ್ಕರು. ಅವರೂ ನಕ್ಕರು. ಅಕ್ಷರಗಳನ್ನು ಜೋಡಿಸಿ ಪದ ಮಾಡಿಸುವ ಬಗೆಯನ್ನು ಅಲ್ಲಿ ಕಲಿತರು. ಮಗು ತಡವರಿಸಿದಾಗ ಲೀದಿಯಾ ಟೀಚರ್ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನೂ ನೋಡಿದರು.

ಸುಮ್ಮನಿರುವುದೇ ಅವರಿಗೆ ಕಷ್ಟವಾಯಿತು. ಸಂಜೆ ಶಾಲೆ ಬಿಟ್ಟ ಮೇಲೆ ಹನ್ನೊಂದು ಮಕ್ಕಳೊಂದಿಗೆ ಕೂರುತ್ತಿದ್ದರು. ಸುವಾರ್ತಾ ಒಂದು ಒತ್ತಕ್ಷರದ ಮುಂದೆ ನಿಂತುಬಿಡುತ್ತಿದ್ದಳು. ಪದ ಮೇಷ್ಟ್ರ ನಾಲಗೆಯ ತುದಿಗೆ ಬರುತ್ತಿತ್ತು. ಅವರು ಹಲ್ಲು ಕಚ್ಚುತ್ತಿದ್ದರು. ಒಂದು ದಿನ ಅವಳು ಪುಸ್ತಕ ಮುಚ್ಚಿ ಅತ್ತಳು. ಅವರು ಅವಳ ಕಣ್ಣೊರೆಸಿದರು, ಪದ ಹೇಳಲಿಲ್ಲ. ಅವಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ತಾಯಿಯೇ ಕೈಹಿಡಿದು ಕರೆತಂದು, ಬಾಗಿಲ ಬಳಿ ನಿಂತಳು. ಅಂದು ಹುಡುಗಿ ಅದೇ ಸಾಲಿಗೆ ಬಂದಳು, ನಿಂತಳು, ತುಟಿ ಅಲುಗಿಸಿದಳು, ಮತ್ತೆ ಮೊದಲಿನಿಂದ ಹಿಡಿದಳು. ಕೊನೆಗೆ 'ಹಳ್ಳ' ಎಂದಳು. ಆಮೇಲೆ ಯಾರ ಮುಖವನ್ನೂ ನೋಡದೆ ಮುಂದಿನ ಪದಕ್ಕೆ ಹೋದಳು.

ಪರೀಕ್ಷೆಯ ಹೊತ್ತಿಗೆ ಎಂಟು ಮಕ್ಕಳು ಓದುತ್ತಿದ್ದರು. ಮೂವರಿಗೆ ಇನ್ನೂ ಬಂದಿರಲಿಲ್ಲ. ಬೇಸಿಗೆ ರಜೆಯಲ್ಲಿ ಮೇಷ್ಟ್ರು ಆ ಮೂವರ ಮನೆಗೆ ಹೋದರು. ರಜೆಗೆ ಮೊದಲು ಆ ವರ್ಷದ ತಪಾಸಣೆಗೆ ಸಾಹೇಬರು ಬಂದಾಗ ಪಾಠವನ್ನು ಯಾರೂ ಒಟ್ಟಾಗಿ ಒಪ್ಪಿಸಲಿಲ್ಲ. ಒಬ್ಬೊಬ್ಬರೇ ನಿಧಾನವಾಗಿ ಓದಿದರು. ಸಾಹೇಬರು, ಪ್ರಗತಿ ಕುಂಠಿತ ಎಂದು ಬರೆದರು. ಮೇಷ್ಟ್ರು ಅದರ ಕೆಳಗೆ ಸಹಿ ಹಾಕಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಹಾಗಾದರೆ ತಪ್ಪು ಮೇಷ್ಟ್ರದೇ, ಅಲ್ಲವೇ?" ಎಂದ.

ಗುರುಗಳು ಹೇಳಿದರು: "ಅದನ್ನು ತೀರ್ಮಾನಿಸುತ್ತ ಕೂತಿದ್ದರೆ, ಆ ಮಗು ಓದು ಬಾರದೆಯೇ ಐದನೇ ತರಗತಿಗೆ ಹೋಗಿರುತ್ತಿತ್ತು."