ಮಾಕಯ್ಯನ ಬಲಗಾಲು

ಹೊಳೆಯ ತಿರುವಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಸಿಂಗಣ ಪಂಡಿತರು ವೈದ್ಯ ಕಲಿಸುತ್ತಿದ್ದರು. ಅವರ ಶಿಷ್ಯ ಬೊಪ್ಪಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ.

ಅದು ಸುಮ್ಮನೆ ಬಂದ ಕೋಪವಲ್ಲ. ಅವನ ತಮ್ಮ ಕೇತನಿಗೆ ತೊಡೆಯ ಒಳಭಾಗದಲ್ಲಿ ಕುರು ಎದ್ದಿತ್ತು. ಊರ ವೈದ್ಯ ಮಾಕಯ್ಯ ಅದನ್ನು ಕೊಯ್ಯಲು ಹೋಗಿ ಕತ್ತಿಯನ್ನು ಒಂದೆಳೆ ಹೆಚ್ಚು ಒತ್ತಿದ. ನೆತ್ತರು ಚಿಮ್ಮಿತು, ನಿಲ್ಲಲಿಲ್ಲ. ಹನ್ನೊಂದು ವರ್ಷದ ಕೇತ ಅಣ್ಣನ ಮಡಿಲಲ್ಲೇ ಹೋಗಿಬಿಟ್ಟ.

ಸಮಾಧಾನ ತಂದುಕೋ ಎಂದು ಊರವರೆಲ್ಲ ಹೇಳಿದರು. ಹೇಳುವವರಿಗೇನು, ನಾಲಿಗೆಗೆ ಮೂಳೆಯಿಲ್ಲ. ತಮ್ಮನನ್ನು ಮಣ್ಣು ಮಾಡಿ ಬಂದವನಿಗೆ ಆ ಮಾತು ಕಿವಿಗೆ ಬೀಳುತ್ತದೆಯೇ?

ಕೊಯ್ಯುವುದು ಹೇಗೆಂದು ಕಲಿತು, ಮಾಕಯ್ಯನ ಮುಂದೆ ನಿಂತು, ನೀನು ಕೊಲೆಗಾರ ಎಂದು ನಾಲ್ಕು ಜನರೆದುರು ಹೇಳಬೇಕು. ಬೊಪ್ಪಯ್ಯ ಆಶ್ರಮಕ್ಕೆ ಬಂದದ್ದು ಅದಕ್ಕೇ. ಮೂರು ವರ್ಷ ಬೇರು ಅರೆದ, ಕಷಾಯ ಕಾಸಿದ. ಕತ್ತಿ ಮಾತ್ರ ಕೈಗೆ ಬರಲಿಲ್ಲ.

ಒಂದು ದಿನ ದೋಣಿಯಲ್ಲಿ ಹೆಣವೊಂದು ಬಂತು. ಬಟ್ಟೆ ಸರಿಸಿದಾಗ ಬೊಪ್ಪಯ್ಯನ ಮೈಯೆಲ್ಲ ಉರಿಯಿತು. ಅದು ಮಾಕಯ್ಯನ ಮುಖ.

ತನ್ನ ಮೈ ಶಿಷ್ಯರ ಕಲಿಕೆಗೆ ಬರಲಿ ಎಂದು ಸಾಯುವ ಮುಂಚೆ ಅವನೇ ಹೇಳಿಕಳಿಸಿದ್ದನಂತೆ. ಪಂಡಿತರು ಅಷ್ಟು ತಿಳಿಸಿ, “ಬಲಗಾಲು ನಿನ್ನದು” ಎಂದರು.

“ಇವನನ್ನು ನಾನು ಮುಟ್ಟಬೇಕೆ, ಗುರುಗಳೇ?”

“ಮುಟ್ಟಬೇಕು. ಕಾಲನ್ನು ಪದರ ಪದರವಾಗಿ ಸರಿಯಾಗಿ ಬಿಡಿಸಿದರೆ ಕತ್ತಿ ಕೊಡುತ್ತೇನೆ. ಕೆಡಿಸಿದರೆ ಊರಿಗೆ ಹೋಗು.”

ಆ ಆಶ್ರಮದಲ್ಲಿ ಒಂದು ಕ್ರಮವಿತ್ತು. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಬಿದಿರಿನ ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ದಿನ ನೆನೆಹಾಕುವುದು. ಆಮೇಲೆ ಲಾವಂಚದ ಬೇರಿನ ಕುಂಚದಿಂದ ಮೆಲ್ಲಗೆ ಉಜ್ಜುವುದು. ಚರ್ಮ, ಅದರಡಿಯ ಕೊಬ್ಬು, ಮಾಂಸ, ನಾಳ, ಮೂಳೆ ಹೀಗೆ ಒಂದೊಂದೇ ಪದರ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಂಡದ್ದನ್ನು ಬಾಯಿಬಿಟ್ಟು ಹೇಳಿ ಮುಂದಕ್ಕೆ ಹೋಗಬೇಕು. ಕತ್ತಿ ಸೋಕಿಸುವಂತಿಲ್ಲ.

ಆ ಏಳು ದಿನ ಬೊಪ್ಪಯ್ಯನಿಗೆ ಅನ್ನ ಸೇರಲಿಲ್ಲ. ಬೈಯಬೇಕೆಂದು ಮೂರು ವರ್ಷ ಕೂಡಿಟ್ಟ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಕೇಳಬೇಕಾದವನು ನೀರಿನಲ್ಲಿ ಆರಾಮವಾಗಿ ಮಲಗಿದ್ದ.

ಎಂಟನೆಯ ದಿನ ಹೊಳೆದಂಡೆಯ ಮರಳಿಗೆ ತಂದ ಹೆಣದ ಬಲಗಾಲಿನ ಬಳಿ ಕುಳಿತ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಉಜ್ಜಿದರೂ ಅಂಗೈಯಗಲದ ಚರ್ಮವೂ ಬಿಡಲಿಲ್ಲ. ನನ್ನ ತಮ್ಮನ ತೊಡೆಯನ್ನು ಒಂದು ಗಳಿಗೆಯಲ್ಲಿ ಸೀಳಿದವನಿಗೆ ಈ ಉಪಚಾರವೇ ಎನ್ನಿಸಿ ಕೋಪ ನೆತ್ತಿಗೇರಿತು. ಕುಂಚವನ್ನು ಎಸೆದು, ಅಡುಗೆಮನೆಯಿಂದ ಸೋರೆಕಾಯಿ ಹೆಚ್ಚುವ ಚೂರಿ ತಂದ. ಸಂಜೆಯೊಳಗೆ ತೊಡೆಯನ್ನು ಮೂಳೆಯವರೆಗೆ ಬಿಡಿಸಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಅಂದರೆ?

ಪಂಡಿತರು ಬಂದು ನೋಡಿದರು. ಅವರು ಸಿಟ್ಟಾದದ್ದನ್ನು ಶಿಷ್ಯರು ಯಾರೂ ಕಂಡಿರಲಿಲ್ಲ. ಅಂದು ಕಂಡರು. ಅವರು ಬೊಪ್ಪಯ್ಯನ ಮಣಿಕಟ್ಟು ಹಿಡಿದೆಳೆದು, ಸೀಳಿದ ಜಾಗಕ್ಕೆ ಅವನ ಬೆರಳನ್ನು ತುರುಕಿದರು.

“ಏನಿದು?”

“ನಾಳ, ನೆತ್ತರು ಹರಿಯುವ ದೊಡ್ಡ ನಾಳ.”

“ಹೇಗಿದೆ?”

ಬೊಪ್ಪಯ್ಯ ಬೆರಳಾಡಿಸಿ ನೋಡಿದ. ನಾಳ ಎರಡು ತುಂಡಾಗಿತ್ತು. ಕೊಯ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

“ನಿನ್ನ ತಮ್ಮನಿಗೆ ಗಾಯವಾದದ್ದು ಎಲ್ಲಿ? ನಿನ್ನ ಮೈಮೇಲೆ ತೋರಿಸು.”

ಬೊಪ್ಪಯ್ಯ ತನ್ನ ಬಲತೊಡೆಯ ಮೇಲೆ ಬೆರಳಿಟ್ಟ. ಬೆರಳು ಇಟ್ಟಲ್ಲೇ ನಿಂತಿತು. ಅದೇ ಜಾಗ. ಒಂದು ಬೆರಳು ಆಚೆಗಿಲ್ಲ, ಈಚೆಗಿಲ್ಲ.

ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಮತ್ತಷ್ಟು ಸಿಟ್ಟು ಬಂತು.

“ಇದು ಹೆಣ, ಗುರುಗಳೇ. ನನ್ನ ಕೈಯಲ್ಲಿ ಯಾರೂ ಸಾಯಲಿಲ್ಲ.”

“ಸಾಯಲಿಲ್ಲ. ಅದಕ್ಕೇ ಮೊದಲು ಹೆಣ ಕೊಡುವುದು.”

“ಮತ್ತೆ ಇವನಿಗೆ? ಪದರ ತಿಳಿಯದ ಇಂಥವನ ಕೈಗೆ ಕತ್ತಿ ಕೊಟ್ಟ ಪಾಪಿ ಯಾರು? ಮೊದಲು ಅವನನ್ನು ಕೇಳಬೇಕು ನಾನು.”

ಪಂಡಿತರು ಬಗ್ಗಿ ಹೊಳೆಯ ನೀರಿನಲ್ಲಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು.

“ಮಾಕಯ್ಯ ಇದೇ ಮರಳಿನ ಮೇಲೆ ಕುಳಿತಿದ್ದ” ಎಂದರು. “ಚುರುಕು ಹುಡುಗ. ಅವನೂ ಹೀಗೇ ಆತುರಪಟ್ಟು ಒಂದು ಕಾಲು ಕೆಡಿಸಿದ. ಇನ್ನೊಂದು ಕಾಲು ಬಿಡಿಸು ಎಂದರೆ ಅತ್ತ, ಊರಿಗೆ ಹೋಗಬೇಕೆಂದು ಹಟ ಹಿಡಿದ. ನನಗೂ ಸಾಕಾಗಿತ್ತು. ಕತ್ತಿ ಕೊಟ್ಟು ಕಳಿಸಿಬಿಟ್ಟೆ.”

ಬೊಪ್ಪಯ್ಯ ತಾನು ಮೂರು ವರ್ಷ ದಿನಾ ಬೆಳಗ್ಗೆ ಮುಟ್ಟಿ ನಮಸ್ಕರಿಸಿದ ಪಾದಗಳನ್ನು ನೋಡಿದ. ಚೂರಿ ಇನ್ನೂ ಅವನ ಎಡಗೈಯಲ್ಲಿತ್ತು.

“ಹಾಗಾದರೆ ನನ್ನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?” ಎಂದ.

“ನನ್ನ ಮೇಲೆ. ಇಲ್ಲೇ ನಿಂತಿದ್ದೇನೆ, ಬೈಯುವುದನ್ನೆಲ್ಲ ಬೈದು ಮುಗಿಸು. ನಿನ್ನನ್ನು ಊರಿಗೆ ಕಳಿಸುವುದಿಲ್ಲ. ಆಮೇಲೆ ಎಡಗಾಲಿನ ಬಳಿ ಕುಳಿತುಕೋ.”