ಏರಿಯ ಮೇಲೆ ತಿರುಗಿದ ಗಾಡಿ

“ಪ್ರಶ್ನೆಯಲ್ಲಿ ಐ ಇಲ್ಲ, ಉತ್ತರದಲ್ಲೂ ಐ ಇಲ್ಲ. ನಡುವೆ ಮಾತ್ರ ಬಂದು ಹೋಗುತ್ತೆ. ಇದು ಮೋಸ ಅಲ್ವಾ ಸರ್?” ಎಂದು ಜಾಹ್ನವಿ ಕೇಳಿದಳು.

ಅವಳು ಪಿಯುಸಿ ವಿದ್ಯಾರ್ಥಿನಿ. ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಇವಳೊಬ್ಬಳು ಹಾಳೆ ಹಿಡಿದು ಧರಣೇಂದ್ರಯ್ಯ ಮೇಷ್ಟ್ರ ಮೇಜಿನ ಮುಂದೆ ನಿಂತಿದ್ದಳು. ತ್ರಿಕೋನಮಿತಿಯಲ್ಲಿ ಅವಳನ್ನು ಮೀರಿಸುವವರು ಆ ತರಗತಿಯಲ್ಲಿ ಇರಲಿಲ್ಲ. ಸೈನ್, ಕಾಸ್ ಎಂದರೆ ಅವಳಿಗೆ ಮನೆಮಂದಿಯಷ್ಟು ಸಲಿಗೆ. ಸಂಮಿಶ್ರ ಸಂಖ್ಯೆಗಳ ಪಾಠ ಶುರುವಾದಂದಿನಿಂದ ಮಾತ್ರ ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದಳು.

ಮೇಷ್ಟ್ರು ಹಾಳೆ ತೆಗೆದುಕೊಂಡು ನೋಡಿದರು. ಕಾಸ್ ಫೈವ್ ತೀಟಾವನ್ನು ಬರೀ ಕಾಸ್ ತೀಟಾದಲ್ಲಿ ಬರೆಯಬೇಕು, ಅದು ಲೆಕ್ಕ. ಕಾಸ್ ತೀಟಾಕ್ಕೆ ಐ ಸೈನ್ ತೀಟಾವನ್ನು ಕೂಡಿಸಿ, ಅದರ ಐದನೇ ಘಾತವನ್ನು ಅವಳು ಅಚ್ಚುಕಟ್ಟಾಗಿ ಬಿಡಿಸಿದ್ದಳು. ಒಂದು ಪದವೂ ತಪ್ಪಿರಲಿಲ್ಲ. ಆಮೇಲೆ ಇಡೀ ಲೆಕ್ಕದ ಮೇಲೆ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು.

“ಇಲ್ಲೀವರೆಗೂ ಸರಿಯಾಗೇ ಬಂದಿದ್ದೀಯಲ್ಲಮ್ಮ. ಯಾಕೆ ಹೊಡೆದುಹಾಕಿದೆ?”

“ಮೈನಸ್ ಒಂದರ ವರ್ಗಮೂಲ ಇಲ್ಲ ಅಂತ ಹೈಸ್ಕೂಲಿನಲ್ಲಿ ಹೇಳಿಕೊಟ್ಟರು. ಈಗ ಅದಕ್ಕೆ ಐ ಅಂತ ಹೆಸರಿಟ್ಟು ಇದೆ ಅಂತೀರಿ. ಇಲ್ಲದ್ದನ್ನು ಇದೆ ಅಂತ ಬರೆಯೋಕೆ ನನಗೆ ಕೈ ಬರಲ್ಲ ಸರ್. ಹೀಗೇ ಆದರೆ ನಾನು ಮುಂದಕ್ಕೆ ಗಣಿತ ಓದೋದಿಲ್ಲ.”

“ನೀನು ಓದದಿದ್ದರೆ ಗಣಿತಕ್ಕೇನೂ ನಷ್ಟ ಇಲ್ಲ ಬಿಡು. ನಿನಗೆ ಆಗೋ ನಷ್ಟ ನೆನೆದರೆ ನನಗೆ ಹೊಟ್ಟೆ ಉರಿಯುತ್ತೆ. ಕೂತ್ಕೋ, ಒಂದು ಕತೆ ಹೇಳ್ತೀನಿ,” ಎಂದು ಮೇಷ್ಟ್ರು ಕುರ್ಚಿಯನ್ನು ಅವಳತ್ತ ತಳ್ಳಿ ಹೇಳತೊಡಗಿದರು.

ಒಂದು ಊರು. ಊರಿಗೂ ಪೇಟೆಗೂ ನಡುವೆ ದೊಡ್ಡ ಕೆರೆ. ಕೆರೆಯ ಏರಿಯೇ ದಾರಿ. ಏರಿ ಎಷ್ಟು ಕಿರಿದೆಂದರೆ ಒಂದು ಗಾಡಿಯ ಎರಡು ಗಾಲಿಗಳು ಹಿಡಿಸಿದರೆ ಮುಗಿಯಿತು. ಎಡಕ್ಕೆ ತುಂಬಿದ ನೀರು, ಬಲಕ್ಕೆ ಕಡಿದಾದ ಇಳಿಜಾರು. ಎತ್ತು ಇಳಿದೀತು, ಗಾಡಿ ಇಳಿಯದು.

ಆ ಊರಿನವರು ಮಕ್ಕಳಿಗೆ ಗಾಡಿ ಹೊಡೆಯಲು ಕಲಿಸುವಾಗ ಮೊದಲು ಹೇಳಿಕೊಡುತ್ತಿದ್ದುದು ಒಂದೇ ಮಾತು. ಏರಿಯ ಮೇಲೆ ಮುಂದೆ ಇದೆ, ಹಿಂದೆ ಇದೆ, ಪಕ್ಕ ಎನ್ನುವುದು ಇಲ್ಲ. ಅದು ಒಳ್ಳೆಯ ಮಾತೇ. ಅದನ್ನು ಮರೆತವರ ಗಾಡಿಗಳು ಕೆರೆಯ ತಳದಲ್ಲಿದ್ದವು. ಹಾಗಾಗಿ ಯಾರೂ ಆ ಮಾತನ್ನು ಪ್ರಶ್ನಿಸುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ಗಾಡಿಯವನಿದ್ದನು. ಒಂದು ಬೆಳಿಗ್ಗೆ ಅವನ ಮಗುವಿಗೆ ಜ್ವರ ಏರಿತು. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಮದ್ದು ಕೊಡುವ ಪಂಡಿತರು ಇರುವುದು ಪೇಟೆಯಲ್ಲಿ. ಗಾಡಿಯವನು ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ಏರಿಯ ಮೇಲೆ ಗಾಡಿ ಹೊಡೆದನು. ಅರ್ಧ ದಾರಿ ಬಂದಮೇಲೆ ನೋಡುತ್ತಾನೆ, ಮುಂದೆ ಏರಿ ಕುಸಿದಿದೆ. ಕುಸಿದ ಕಡೆ ನೀರು ಭೋರೆಂದು ನುಗ್ಗುತ್ತಿದೆ. ಮುಂದಕ್ಕೆ ಹೋಗುವ ಮಾತೇ ಇಲ್ಲ.

ಪೇಟೆಗೆ ಇನ್ನೊಂದು ದಾರಿ ಇತ್ತು. ಊರಿಗೆ ಮರಳಿ, ಬೆಟ್ಟ ಬಳಸಿ ಹೋಗಬೇಕು. ನಡೆದು ಹೋದರೆ ಮುಟ್ಟುವಷ್ಟರಲ್ಲಿ ಮಗು ಕೈಮೀರಿಬಿಡುತ್ತಿತ್ತು. ಗಾಡಿಯಲ್ಲಾದರೆ ಹೊತ್ತು ಮುಳುಗುವ ಮೊದಲು ಮುಟ್ಟಬಹುದು. ಆದರೆ ಗಾಡಿ ಈಗ ಪೇಟೆಯತ್ತ ಮುಖ ಮಾಡಿ ನಿಂತಿತ್ತು.

ಅವನು ಎತ್ತುಗಳನ್ನು ಹಿಂದಕ್ಕೆ ನೂಕಿದನು. ಎತ್ತುಗಳು ಬೆಪ್ಪಾಗಿ ಅವನನ್ನೇ ನೋಡಿದವು. ಹುಟ್ಟಿದಾಗಿನಿಂದ ಮುಂದಕ್ಕೆ ನಡೆದ ಎತ್ತುಗಳು ಅವು. ಮತ್ತೆ ನೂಕಿದಾಗ ಗಾಡಿ ಓರೆಯಾಗಿ ಒಂದು ಗಾಲಿ ಅಂಚಿಗೆ ಬಂತು. ಹೆಂಡತಿ ಕಿರುಚಿದಳು. ಅವನು ಗಾಡಿಯನ್ನು ಹೇಗೋ ಎಳೆದು ನಿಲ್ಲಿಸಿ, ತಲೆಯ ಮೇಲೆ ಕೈ ಹೊತ್ತು ಕುಳಿತನು. ಮುಂದೆ ದಾರಿ ಇಲ್ಲ, ಹಿಂದೆ ಎತ್ತು ಹೋಗುವುದಿಲ್ಲ, ಏರಿಯ ಮೇಲೆ ಇರುವುದು ಇವೆರಡೇ. ಅವನ ಲೆಕ್ಕ ಅಲ್ಲಿಗೆ ಮುಗಿದಿತ್ತು. ನಿನ್ನ ಹಾಗೆಯೇ ಅವನೂ ಅಡ್ಡಗೆರೆ ಎಳೆದುಬಿಟ್ಟನು.

ಹೆಂಡತಿ ಮಗುವನ್ನು ಎತ್ತಿಕೊಂಡು ಇಳಿದು ಬಂದಳು. “ಗಾಡಿನ ಪಕ್ಕಕ್ಕೆ ತಿರುಗ್ಸಿ,” ಎಂದಳು.

“ಏರಿ ಮ್ಯಾಲೆ ಪಕ್ಕ ಎಲ್ಲೈತೆ? ನಿಂಗೇನು ತಲೆ ಕೆಟ್ಟೈತಾ?” ಎಂದು ಅವನು ರೇಗಿದನು.

“ಪಕ್ಕದಲ್ಲಿ ನಾವೇನು ಮನೆ ಕಟ್ಕಂಡು ಇರಬೇಕಾ? ತಿರುಗೋ ಗಳಿಗೆಗೆ ಇದ್ರೆ ಸಾಕು. ಏಳಿ ಮ್ಯಾಕೆ.”

ಹೇಳಿದವಳು ಹೆಂಡತಿ, ಅವಳ ತೋಳಲ್ಲಿ ಸುಡುವ ಮಗು. ಇಲ್ಲ ಎನ್ನಲಾಗಲಿಲ್ಲ. ಅವನು ಎದ್ದನು. ಎತ್ತುಗಳನ್ನು ಬಿಚ್ಚಿ ಇಳಿಜಾರಿನಲ್ಲಿ ಇಳಿಸಿ, ಗಾಡಿಯ ಹಿಂದೆ ಮತ್ತೆ ಏರಿಗೆ ಹತ್ತಿಸಿ ನಿಲ್ಲಿಸಿದನು. ಮಗುವನ್ನು ಏರಿಯ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಗಾಡಿ ಮುಗ್ಗರಿಸದಂತೆ ಹೆಂಡತಿ ಹಿಂದಿನ ಹಲಗೆಯನ್ನು ಅದುಮಿ ಹಿಡಿದಳು. ಅವನು ಒಂದು ಗಾಲಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ, ಸ್ವಲ್ಪ ಸ್ವಲ್ಪವೇ ಉರುಳಿಸಿದನು. ಗಾಡಿ ನಿಂತಲ್ಲೇ ತಿರುಗಿತು. ನೊಗ ಕಟ್ಟುವ ಉದ್ದನೆಯ ಮೂಕಿ ಏರಿಯನ್ನು ದಾಟಿ ನೀರಿನ ಮೇಲೆ ಚಾಚಿಕೊಂಡಿತು. ಹಿಂಭಾಗ ಇಳಿಜಾರಿನ ಮೇಲೆ ತೂಗಿತು. ಹಲಗೆ ಹಿಡಿದವಳು ಇಳಿಜಾರಿನಲ್ಲಿ ಕಾಲೂರಿ ನಿಂತಳು.

ಈಗ ಗಾಡಿ ಪೇಟೆಯ ಕಡೆಗೂ ಇರಲಿಲ್ಲ, ಊರಿನ ಕಡೆಗೂ ಇರಲಿಲ್ಲ. ಕೆರೆಯನ್ನು ನೋಡುತ್ತಿತ್ತು. ಕುಸಿದ ಜಾಗದ ಆಚೆ ದಡದಲ್ಲಿ ಸೇರಿದ್ದ ನಾಲ್ಕು ಜನ ಬಿದ್ದು ಬಿದ್ದು ನಕ್ಕರು. “ಎತ್ತ ಹೊಂಟ್ಯೋ ಅಣ್ಣಾ, ಮೀನಿನ ಮದುವೆಗಾ?” ಎಂದು ಒಬ್ಬ ಕೂಗಿದನು. ಗಾಡಿಯವನ ಅಪ್ಪ, ಅಜ್ಜ ಯಾರೂ ಗಾಡಿಯನ್ನು ಹೀಗೆ ನಿಲ್ಲಿಸಿದವರಲ್ಲ. ಮರ್ಯಾದೆಯಾಗಿ ಮೊದಲಿನಂತೆ ತಿರುಗಿಸಿಬಿಡೋಣ ಎಂದು ಗಾಲಿಯನ್ನು ವಾಪಸ್ಸು ಉರುಳಿಸಲು ಹೋದನು.

“ಆ ಕಡೆಗಲ್ಲ! ಮೊದಲು ತಿರುಗ್ಸಿದ ಕಡೆಗೇ ಇನ್ನೊಂದು ಸಲ ಅಷ್ಟೇ ತಿರುಗ್ಸಿ,” ಎಂದು ಹೆಂಡತಿ ಗದರಿದಳು.

ಅವನು ಇನ್ನೊಂದು ಸಲ ಅಷ್ಟೇ ತಿರುಗಿಸಿದನು. ಮೂಕಿ ನೀರನ್ನು ಬಿಟ್ಟು ಏರಿಯ ಮೇಲೆ ಬಂತು. ಗಾಡಿ ಊರಿಗೆ ಮುಖ ಮಾಡಿ ನಿಂತಿತ್ತು. ಎರಡು ಗಾಲಿಗಳೂ ಏರಿಯ ಮೇಲೆ, ಮೊದಲು ಹೇಗಿದ್ದವೋ ಹಾಗೆ. ಈಗ ಯಾರಾದರೂ ಬಂದು ನೋಡಿದರೆ ಆ ಗಾಡಿ ಕೆರೆಯ ಕಡೆ ತಿರುಗಿತ್ತು ಎಂದು ನಂಬುತ್ತಲೂ ಇರಲಿಲ್ಲ. ಎತ್ತು ಹೂಡಿ, ಮಗುವನ್ನು ಮಲಗಿಸಿಕೊಂಡು ಹೊರಟರು. ಬೆಟ್ಟ ಬಳಸಿ ಹೊತ್ತಿರುವಾಗಲೇ ಪಂಡಿತರ ಮನೆ ಮುಟ್ಟಿದರು. ಮಗು ಬದುಕಿತು.

ಸುದ್ದಿ ಊರಿಗೆ ಮುಟ್ಟಿದಾಗ ಹಿರಿಯರಿಗೆ ಸಿಟ್ಟು ಬಂತು. ಗಾಡಿಯವನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ, ಪಕ್ಕ ಎಲ್ಲಿದೆ, ತೋರಿಸು ಎಂದರು. ಅವನು ಎಡಕ್ಕೆ ನೋಡಿದನು, ನೀರಿತ್ತು. ಬಲಕ್ಕೆ ನೋಡಿದನು, ಇಳಿಜಾರಿತ್ತು. ಗಾಡಿ ಓಡಿಸುವಂಥ ಜಾಗ ಎಲ್ಲೂ ಇರಲಿಲ್ಲ. ಪಾಪ, ಅವನಿಗೆ ತೋರಿಸಲಾಗಲಿಲ್ಲ. ಹಿರಿಯರು ಗೆದ್ದವರ ಹಾಗೆ ಮನೆಗೆ ಹೋದರು.

ಮೇಷ್ಟ್ರು ಕತೆ ನಿಲ್ಲಿಸಿ, ಹೊಡೆದುಹಾಕಿದ ಹಾಳೆಯನ್ನು ಜಾಹ್ನವಿಯ ಕಡೆಗೆ ಸರಿಸಿದರು. ಅವಳು ಅದನ್ನು ನೋಡುತ್ತ ಕುಳಿತಳು. ಅವಳ ಬೆರಳು ಮೇಜಿನ ಮೇಲೆ ಒಮ್ಮೆ ತಿರುಗಿತು, ಇನ್ನೊಮ್ಮೆ ತಿರುಗಿತು.

“ಪ್ಲಸ್ ಒಂದು ಪೇಟೆ ಕಡೆ, ಮೈನಸ್ ಒಂದು ಊರ ಕಡೆ,” ಎಂದಳು ಮೆಲ್ಲಗೆ. “ಒಂದು ಸಲ ಐಯಿಂದ ಗುಣಿಸಿದರೆ ಗಾಡಿ ಕೆರೆಗೆ ಮುಖ ಮಾಡುತ್ತೆ. ಇನ್ನೊಂದು ಸಲ ಗುಣಿಸಿದರೆ ಊರ ಕಡೆ ತಿರುಗಿರುತ್ತೆ. ಅದಕ್ಕೇ ಐ ವರ್ಗ ಮೈನಸ್ ಒಂದು.”

ಮೇಷ್ಟ್ರ ಮುಖ ಅರಳಿತು. ಅಷ್ಟು ಬೇಗ ಅವಳು ಅಲ್ಲಿಗೆ ಬರುತ್ತಾಳೆಂದು ಅವರೂ ಎಣಿಸಿರಲಿಲ್ಲ. ಆದರೆ ಜಾಹ್ನವಿ ಅಷ್ಟಕ್ಕೆ ಬಿಡುವವಳಲ್ಲ. ತಲೆಯೆತ್ತಿ, ಹಿರಿಯರ ಪರ ವಾದಕ್ಕೆ ನಿಂತವಳ ಹಾಗೆ ಕೇಳಿದಳು.

“ಆದರೂ ಹಿರಿಯರು ಕೇಳಿದ್ದು ನ್ಯಾಯವೇ ಅಲ್ವಾ ಸರ್? ಅವನಿಗೆ ತೋರಿಸೋಕೆ ಆಗಲಿಲ್ಲ. ಹಾಗಾದರೆ ಆ ಏರಿಯ ಮೇಲೆ ಪಕ್ಕ ಅನ್ನೋದು ನಿಜವಾಗಿ ಇತ್ತೋ, ಇಲ್ಲವೋ?”

“ಅದನ್ನು ನನ್ನನ್ನಲ್ಲ, ಬದುಕಿ ಉಳಿದ ಆ ಮಗುವನ್ನು ಕೇಳು,” ಎಂದರು ಮೇಷ್ಟ್ರು.